ಪನ್ನೀರು ಗುಲಾಬಿಯ ಪೂರ್ವಾಪರ

ಒಂದು ಪ್ರಶ್ನೆ. ಅಕ್ಕಪಕ್ಕದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ನಿಜ ಹೇಳಿ: ನಿಮ್ಮ ಅಂಗಳದಲ್ಲಿ ಹೂ ಬಿಡುತ್ತಿರುವ ಗಿಡಗಳಲ್ಲಿ ಕೇಳಿ ತಂದದ್ದೆಷ್ಟು, ಕೇಳದೆ ತಂದದ್ದೆಷ್ಟು?

ನಿಧಾನವಾಗಿ ಎಣಿಸಿ. ನನಗೆ ಅವಸರವಿಲ್ಲ. ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಮಗನ ಮಗಳು ಮಾನ್ಯ ಕಲಿಸಿಕೊಟ್ಟು ಎರಡು ತಿಂಗಳಾಯಿತಷ್ಟೆ. ನನ್ನ ಬೆರಳು ದಪ್ಪ, ಅದರೊಳಗಿನ ಅಕ್ಷರಗಳು ಸಣ್ಣ. ಒಂದನ್ನು ಕರೆದರೆ ಪಕ್ಕದ್ದು ಓಗೊಡುತ್ತದೆ. ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀವು ಅಂಗಳಕ್ಕೆ ಎರಡು ಸುತ್ತು ಬಂದಿರುತ್ತೀರಿ.

ನಮ್ಮ ಬೆಳ್ಳೂರಿನ ಕಡೆಯ ಹೆಂಗಸರಲ್ಲಿ ಒಂದು ನಂಬಿಕೆ ಇದೆ. ಕೇಳಿ ತಂದ ಗೆಲ್ಲು ಬೇರು ಬಿಡಲು ಹಿಂದೆಮುಂದೆ ನೋಡುತ್ತದಂತೆ. ಕೇಳದೆ ಮುರಿದು ತಂದದ್ದು ಎಂಟೇ ದಿನಕ್ಕೆ ಚಿಗುರುತ್ತದಂತೆ. ಗೆಲ್ಲು ಎಂದರೆ ಕೊಂಬೆ, ನಿಮ್ಮ ಕಡೆ ಟೊಂಗೆ ಎನ್ನುತ್ತೀರೋ ಏನೋ. ಆದ್ದರಿಂದ ನಮ್ಮಲ್ಲಿ ಅದನ್ನು ಯಾರೂ ಕಳ್ಳತನದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಂಟರ ಮನೆಗೆ ಹೋದಾಗ ಮನೆಯಾಕೆ ಚಾ ಮಾಡಲು ಒಳಗೆ ಹೋಗುತ್ತಾಳೆ. ಹೊರಗೆ ಕೂತವಳ ಕೈ ತಾನಾಗಿ ಕ್ರೋಟನಿನ ಕಡೆಗೆ ಹೋಗುತ್ತದೆ. ಮನೆಯಾಕೆ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ, ಪಾಪ, ಇವಳಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾದೀತು ಎಂದು ಒಲೆಯ ಉರಿ ಸಣ್ಣ ಮಾಡುತ್ತಾಳೆ. ಅವಳು ನಮ್ಮ ಮನೆಗೆ ಬಂದ ದಿನ ನಾವೂ ಹಾಗೆಯೇ ಚಾ ತಡ ಮಾಡಬೇಕು. ಮರ್ಯಾದಸ್ಥರ ನಡುವಿನ ವ್ಯವಹಾರ ಇದು.

ಹಾಗೆ ಬಂದ ಗಿಡಗಳು ನನ್ನ ಅಂಗಳದಲ್ಲಿ ಬೇಕಾದಷ್ಟಿವೆ. ಯಾವುದರ ಬಗ್ಗೆಯೂ ನನಗೆ ಬೇಸರವಿಲ್ಲ. ಒಂದನ್ನು ಬಿಟ್ಟು.

ಆ ಒಂದು, ಪನ್ನೀರು ಗುಲಾಬಿ. ಪೇಟೆಯಲ್ಲಿ ಸಿಗುವ ಉದ್ದ ಕತ್ತಿನ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ಮೂಗಿಗೆ ತಾಗಿಸಿದರೂ ಏನೂ ಹೇಳದ ಗುಲಾಬಿಗಳಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಹೂ ತೆಳು ಗುಲಾಬಿ ಬಣ್ಣದ್ದು. ದಳಗಳು ಎಷ್ಟು ತೆಳುವೆಂದರೆ ಹತ್ತು ಗಂಟೆಯ ಬಿಸಿಲಿಗೆ ಅವು ಸೋಲುತ್ತವೆ, ಮಧ್ಯಾಹ್ನದ ಊಟದ ಹೊತ್ತಿಗೆ ಉದುರಿ ಹೋಗಿರುತ್ತವೆ. ಕತ್ತು ಗಿಡ್ಡ, ಜಡೆಗೆ ಸಿಕ್ಕಿಸಿದರೆ ನಿಲ್ಲುವುದಿಲ್ಲ. ಮೈ ತುಂಬ ಸಣ್ಣ ಸಣ್ಣ ಮುಳ್ಳು. ಇಷ್ಟೆಲ್ಲ ದೋಷವಿದ್ದರೂ ಬೆಳಿಗ್ಗೆ ಒಂದು ಹೂ ಅರಳಿದರೆ ದನದ ಹಟ್ಟಿಯವರೆಗೂ ಪರಿಮಳ. ಮತ್ತೊಂದು ಗುಣ, ಒಂದು ಸಲ ಹೂ ಬಿಟ್ಟು ಸುಮ್ಮನಾಗುವ ಜಾತಿಯಲ್ಲ. ಸ್ವಲ್ಪ ತುದಿ ಸವರಿ, ಒಂದು ಬುಟ್ಟಿ ಗೊಬ್ಬರ ಹಾಕಿ, ತಿಂಗಳೊಪ್ಪತ್ತು ಕಾದರೆ ಮತ್ತೆ ಮೊಗ್ಗು. ಮಳೆಗಾಲ ಒಂದು ಅದಕ್ಕೆ ಆಗದು. ಆಗ ಎಲೆಗಳಿಗೆಲ್ಲ ಕಪ್ಪು ಚುಕ್ಕೆ ಬಿದ್ದು, ಗಿಡ ಮುನಿಸಿಕೊಂಡ ನೆಂಟನ ಹಾಗೆ ಇರುತ್ತದೆ.

ಇದು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಮೊದಮೊದಲು ದೇಲಂಪಾಡಿಯ ನನ್ನ ತವರಿನಿಂದ ಎನ್ನುತ್ತಿದ್ದೆ. ಹತ್ತು ವರ್ಷದ ನಂತರ, ತವರಿಗೆ ಅದು ಪುತ್ತೂರಿನಿಂದ ಬಂದದ್ದು ಎಂದು ಸೇರಿಸಿದೆ. ಆಮೇಲೆ ಪುತ್ತೂರಿಗೆ ಮೈಸೂರಿನಿಂದ ಬಂತು. ಮಾನ್ಯ ಸಣ್ಣವಳಿದ್ದಾಗ ಅನ್ನ ತಿನ್ನದೆ ಹಟ ಮಾಡಿದ ಒಂದು ದಿನ ಅದನ್ನು ಅರಮನೆಯ ತೋಟದಿಂದ ಆನೆಯ ಮೇಲೆ ತಂದೆ. ಸುಳ್ಳಿನ ಸ್ವಭಾವವೇ ಹಾಗೆ, ಒಂದು ಕಡೆ ನಿಲ್ಲಿಸಿದರೆ ನಿಲ್ಲುವುದಿಲ್ಲ, ದೂರ ದೂರ ಹೋಗುತ್ತದೆ. ನಿಜವಾಗಿ ಆ ಗಿಡ ಬಂದದ್ದು ನಮ್ಮ ಮನೆಯಿಂದ ಹತ್ತು ನಿಮಿಷ ಗುಡ್ಡ ಹತ್ತಿದರೆ ಸಿಗುವ ಮೇಲಿನ ಮನೆಯಿಂದ.

ಇದನ್ನೆಲ್ಲ ಈಗ ಬರೆಯಬೇಕಾಗಿ ಬಂದದ್ದು ಅಶ್ವಿತಾ ಎಂಬ ಹುಡುಗಿಯಿಂದ. ಗಿಡಮರಗಳ ಶಾಸ್ತ್ರ ಓದಿದವಳು. ಕಳೆದ ತಿಂಗಳು ಒಂದು ಮಂಗಳವಾರ ಬ್ಯಾಗು ತಗುಲಿಸಿಕೊಂಡು ಬಂದಳು. ಪಂಚಾಯತಿನ ಜೈವವೈವಿಧ್ಯ ರಿಜಿಸ್ಟರಿಗೆ ಊರಿನ ಹಳೆಯ ಗಿಡಗಳನ್ನೆಲ್ಲ ಬರೆಸುವ ಕೆಲಸವಂತೆ. ಅದು ಯಾವ ಗಿಡ, ಯಾರು ಉಳಿಸಿಕೊಂಡು ಬಂದದ್ದು, ಎಲ್ಲಿಂದ ತಂದದ್ದು, ಮೊದಲು ಎಲ್ಲೆಲ್ಲಿ ಇತ್ತು, ಹೇಗೆ ಹೋಯಿತು, ಎಲ್ಲ ಬೇಕು. ನನ್ನ ಗುಲಾಬಿಯ ಎದುರು ಅವಳು ಕುಕ್ಕರುಗಾಲಿನಲ್ಲಿ ಕೂತು, ಎಲೆ ಮಗುಚಿ ನೋಡಿ, ಮೊಗ್ಗಿನ ಕೆಳಗಿನ ಹಸಿರು ಮುಟ್ಟಿ ಬೆರಳು ಮೂಸಿ, ಹತ್ತು ಫೋಟೋ ಹಿಡಿದಳು. ನನಗೆ ಒಳಗೊಳಗೇ ಹೆಮ್ಮೆ. ಹುಡುಗಿ ನೋಡಲು ಬಂದವರು ಮಗಳನ್ನು ಮೆಚ್ಚಿಕೊಂಡ ಹಾಗೆ.

ಜಗಲಿಯಲ್ಲಿ ಕೂತು ಅವಳು ಹೇಳಿದ ಚರಿತ್ರೆಯನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಈ ಗುಲಾಬಿಯ ಕುಲಕ್ಕೆ ಹೆಸರು ಬಂದದ್ದು ಡಮಾಸ್ಕಸ್ ಎಂಬ ಪಟ್ಟಣದಿಂದ. ಧರ್ಮಯುದ್ಧಕ್ಕೆಂದು ಆ ಕಡೆ ಹೋದ ಯುರೋಪಿನ ಯಾವನೋ ದೊರೆ ಮರಳುವಾಗ ಅದನ್ನು ಊರಿಗೆ ತಂದ ಎಂಬುದು ಕಥೆ. ಕಥೆ ಮಾತ್ರ, ಸಾಕ್ಷಿ ಇಲ್ಲ. ಈಗಿನ ವಿದ್ವಾಂಸರು ಗಿಡದ ರಕ್ತವನ್ನೇ ಪರೀಕ್ಷೆ ಮಾಡಿ, ಇದಕ್ಕೆ ಮೂರು ಮನೆಯ ಸಂಬಂಧ ಇದೆ ಎನ್ನುತ್ತಾರಂತೆ. ಒಂದು ಯುರೋಪಿನ ಕೆಂಪು ಗುಲಾಬಿ, ಒಂದು ಕಸ್ತೂರಿಯ ಪರಿಮಳದ್ದು, ಇನ್ನೊಂದು ಮಧ್ಯ ಏಷ್ಯಾದ ಬೆಟ್ಟಗಳಲ್ಲಿ ಬೆಳೆಯುವ ಕಾಡು ಗುಲಾಬಿ. ಅಲ್ಲಿಂದ ಅತ್ತ ಪಶ್ಚಿಮಕ್ಕೆ ಹೋಯಿತು, ಇತ್ತ ಪರ್ಷಿಯಾದ ಕಡೆಯಿಂದ ನಮ್ಮ ದೇಶಕ್ಕೆ ಬಂತು. ಹೂವನ್ನು ಬೇಯಿಸಿ ಆವಿ ಹಿಡಿದು ಪನ್ನೀರು ಮಾಡುವ ವಿದ್ಯೆಯೂ ಅದರ ಹಿಂದಿನಿಂದ ಬಂತು. ಮದುವೆ ಮನೆಯ ಬಾಗಿಲಲ್ಲಿ ನಮ್ಮ ಮೇಲೆ ಪನ್ನೀರು ಚಿಮುಕಿಸಿ, ಉಟ್ಟ ಹೊಸ ಸೀರೆಗೆ ಕಲೆ ಮಾಡುವ ಸಂಪ್ರದಾಯದ ಬುಡ ಅಲ್ಲಿದೆ.

ಈ ಕುಲದಲ್ಲಿ ಎರಡು ಬಗೆ. ಹೆಚ್ಚಿನವು ವರ್ಷಕ್ಕೆ ಒಂದು ಸಲ ಹೂ ಬಿಟ್ಟು ಕೈತೊಳೆದುಕೊಳ್ಳುತ್ತವೆ. ನಮ್ಮದು ಮತ್ತೆ ಮತ್ತೆ ಬಿಡುವ ಬಗೆ. ಚೀನಾದ ಗುಲಾಬಿಗಳು ಯುರೋಪಿಗೆ ಕಾಲಿಡುವ ಮೊದಲು ಅಲ್ಲಿ ಎರಡನೆಯ ಸಲ ಹೂ ಬಿಡುತ್ತಿದ್ದದ್ದು ಹೆಚ್ಚು ಕಡಿಮೆ ಇದೊಂದೇ. ಫ್ರಾನ್ಸಿನವರು ಇದನ್ನು ನಾಲ್ಕು ಋತುಗಳ ಗುಲಾಬಿ ಎಂದು ಕರೆದರಂತೆ. ನಮ್ಮದೇ ಸಮುದ್ರದಲ್ಲಿ, ತುಂಬ ಕೆಳಗೆ ದಕ್ಷಿಣದಲ್ಲಿ, ಒಂದು ದ್ವೀಪವಿದೆಯಂತೆ. ಅಲ್ಲಿ ಇದನ್ನೂ ಚೀನಾದ್ದನ್ನೂ ಬೇಲಿಗೆ ನೆಟ್ಟಿದ್ದರಂತೆ. ಎರಡೂ ಬೇಲಿಯಲ್ಲೇ ಪರಿಚಯವಾಗಿ ಇನ್ನೊಂದು ಹೊಸ ಜಾತಿಯೇ ಹುಟ್ಟಿತಂತೆ. ಬೇಲಿಯಲ್ಲಿ ಪರಿಚಯವಾಗಿ ಆದ ಸಂಬಂಧಗಳು ನಮ್ಮ ಊರಿನಲ್ಲೂ ಎರಡು ಮೂರು ಇವೆ. ಹೆಸರು ಬೇಡ.

ನಾನು ಬಾಯಿ ತೆರೆದು ಕೇಳುತ್ತಾ ಇದ್ದೆ. ಆಗ ಅವಳು ಪೆನ್ನು ತೆಗೆದು, ಇಲ್ಲಿಗೆ ಎಲ್ಲಿಂದ ಬಂತು ಅಜ್ಜಿ, ಎಂದಳು. ತವರಿನಿಂದ ಎಂದೆ. ಆನೆಯನ್ನು ಬಿಟ್ಟೆ, ಸರಕಾರದ ರಿಜಿಸ್ಟರಲ್ಲವೇ.

ಅವಳು ಬರೆದುಕೊಂಡಳು. ಹಾಳೆ ಮಗುಚುತ್ತಾ, ಈ ವಾರ್ಡಿನಲ್ಲಿ ಇದೇ ಗುಲಾಬಿ ಮೇಲಿನ ಮನೆಯಲ್ಲೂ ಇತ್ತಂತೆ, ಬೆಳಿಗ್ಗೆ ಅಲ್ಲಿಗೂ ಹೋಗಿದ್ದೆ, ಎಂದಳು. ಬರೆದದ್ದನ್ನು ಓದಿಯೂ ಹೇಳಿದಳು. “ನಾಶವಾಗಲು ಕಾರಣ: ಮನೆಯ ಸೊಸೆ ರಾಜೀವಿ ಎಂಬವರು ಗಿಡದ ಬುಡಕ್ಕೆ ಬಿಸಿ ಗಂಜಿ ತೆಳಿ ಹೊಯ್ದದ್ದು.”

ನನ್ನ ಕೈಯಲ್ಲಿದ್ದ ಚಾದ ಲೋಟವನ್ನು ಕೆಳಗಿಟ್ಟೆ. ಯಾರು ಹೇಳಿದ್ದು ಎಂದು ಕೇಳಿದೆ. ರಾಜೀವಿಯ ಸೊಸೆ ಶುಭ ನಗುತ್ತಾ ಹೇಳಿದಳಂತೆ. ಆ ಮನೆಯಲ್ಲಿ ಅದೊಂದು ಹಳೆಯ ತಮಾಷೆ. ರಾಜೀವಿ ಅಲ್ಲಿಯೇ ಇದ್ದಳಂತೆ. ಬರ್ಕೋ ಮಗಾ, ಬರ್ಕೋ, ಎಂದಳಂತೆ. ಶುಕ್ರವಾರ ಗ್ರಾಮಸಭೆಯಲ್ಲಿ ಇದನ್ನೆಲ್ಲ ಎಲ್ಲರ ಎದುರು ಓದಿ ಒಪ್ಪಿಗೆ ಪಡೆಯಲಿಕ್ಕಿದೆ, ಆಮೇಲೆ ಅಚ್ಚಾಗುತ್ತದೆ ಎಂದು ಹೇಳಿ ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಐವತ್ತೊಂದು ವರ್ಷದಿಂದ ಒಂದು ಮನೆಯ ಒಳಗಿದ್ದ ಮಾತು ಶುಕ್ರವಾರ ವಾರ್ಡಿಗೆಲ್ಲ ಕೇಳುತ್ತದೆ, ಆಮೇಲೆ ಅಚ್ಚಾಗಿ ಶಾಶ್ವತವಾಗಿ ಕೂರುತ್ತದೆ. ಮತ್ತು ಆ ಮಾತು ಸುಳ್ಳು. ಸುಳ್ಳು ಎಂದು ಗೊತ್ತಿರುವುದು ಈ ಭೂಮಿಯ ಮೇಲೆ ನನಗೊಬ್ಬಳಿಗೆ.

ರಾಜೀವಿಯೂ ನಾನೂ ಒಂದೇ ವರ್ಷ ಮದುವೆಯಾಗಿ ಬಂದವರು, ಅವಳು ಮೇಲಿನ ಮನೆಗೆ, ನಾನು ಕೆಳಗಿನದಕ್ಕೆ. ಆ ಗುಲಾಬಿ ಅವಳ ಅತ್ತೆ ಸೇಸಮ್ಮಕ್ಕನದ್ದು. ಸೇಸಮ್ಮಕ್ಕ ಒಳ್ಳೆಯ ಹೆಂಗಸು; ಕಷ್ಟಕ್ಕೆ ಕರೆದರೆ ಮೊದಲು ಬರುವವರು ಅವರೇ. ಹಸುವಿನ ಕರುವನ್ನು ಬೇಕಾದರೆ ಬಿಚ್ಚಿ ಕೊಡುತ್ತಿದ್ದರು, ಗುಲಾಬಿಯ ಗೆಲ್ಲು ಮಾತ್ರ ಕೊಡುವವರಲ್ಲ. ಹೂವನ್ನು ದೇವರಿಗೆ ಎಣಿಸಿ ಇಡುತ್ತಿದ್ದರು. ಸೊಸೆಗೆ ಒಂದು, ಅದೂ ಶುಕ್ರವಾರ. ಅವರು ಚಾ ಮಾಡಲು ಒಳಗೆ ಹೋಗುವಾಗಲೂ ಗಿಡ ಕಾಣುವ ಬಾಗಿಲನ್ನು ತೆರೆದಿಟ್ಟೇ ಹೋಗುತ್ತಿದ್ದರು. ಇಪ್ಪತ್ತೆರಡರ ಹುಡುಗಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕೇ?

ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಮಳೆಯ ಹೊತ್ತಿನಲ್ಲಿ, ಹೊಸ ಮದುವೆಯ ಹೆಣ್ಣು ತವರಿಗೆ ಹೋಗಿ ಕೂರುವುದು ನಮ್ಮ ತುಳುವರ ಕ್ರಮ. ಆ ವರ್ಷ ನಾನು ಹೊರಟ ಬೆಳಿಗ್ಗೆ, ಹೋಗಿ ಬರುತ್ತೇನೆಂದು ಹೇಳಲು ಮೇಲಿನ ಮನೆಗೆ ಹೋದೆ. ಜೋರು ಮಳೆ. ಸೇಸಮ್ಮಕ್ಕ ಬಚ್ಚಲಲ್ಲಿ. ರಾಜೀವಿ ಹಟ್ಟಿಯಲ್ಲಿ, ಅವಳನ್ನು ಕರೆಯಲು ತವರಿನವರು ಇನ್ನೂ ಬಂದಿರಲಿಲ್ಲ. ಗಿಡದ ಹತ್ತಿರ ನಾನೊಬ್ಬಳೇ. ಗಿಡ ಆಗ ಒಂದೇ ಕಾಂಡದ್ದು, ಎದೆಯೆತ್ತರ ಇತ್ತು. ಕತ್ತಿ ತಂದಿರಲಿಲ್ಲ, ಬಾವಿಯ ಬದಿಯ ಒಂದು ದಪ್ಪ ಗೆಲ್ಲು ಹಿಡಿದು ಕೈಯಲ್ಲೇ ಕೆಳಕ್ಕೆ ಎಳೆದೆ. ಅದು ಮುರಿಯುವ ಬದಲು ಸೀಳಿತು. ಸಿಪ್ಪೆ ಉದ್ದಕ್ಕೆ ಸುಲಿದುಕೊಂಡು ಕಾಂಡದ ಅರ್ಧದವರೆಗೆ ಇಳಿಯಿತು. ಬಚ್ಚಲಿನ ಕೊಡಪಾನ ಸದ್ದು ಮಾಡಿತು. ಗೆಲ್ಲನ್ನು ಸೆರಗಿನೊಳಗೆ ತೂರಿಸಿ ಓಡಿದೆ.

ಗುಲಾಬಿಯ ಗೆಲ್ಲು ಕಡಿದರೆ ಗಾಯಕ್ಕೆ ಹಸಿ ಸೆಗಣಿ ಮೆತ್ತಬೇಕು, ಇಲ್ಲದಿದ್ದರೆ ನೀರಿಳಿದು ಗಿಡ ಮೇಲಿನಿಂದ ಕಪ್ಪಾಗುತ್ತಾ ಸಾಯುತ್ತದೆ. ಇದು ನಮ್ಮಲ್ಲಿ ಶಾಲೆಗೆ ಹೋಗದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ, ದಾರಿಯಲ್ಲಿ ನಮ್ಮ ಹಟ್ಟಿಗೆ ಹೋಗಿ, ನನ್ನ ಗೆಲ್ಲಿನ ತುದಿಗೆ ಚೆಂದ ಮಾಡಿ ಒಂದು ಉಂಡೆ ಸೆಗಣಿ ಮೆತ್ತಿದೆ, ಒದ್ದೆ ಬಟ್ಟೆ ಸುತ್ತಿದೆ, ಚೀಲದಲ್ಲಿಟ್ಟೆ. ಗುಡ್ಡದ ಮೇಲೆ ಆ ಮಳೆಯಲ್ಲಿ ಬಾಯಿಬಿಟ್ಟುಕೊಂಡು ನಿಂತಿದ್ದ ಗಾಯದ ನೆನಪೇ ನನಗೆ ಬರಲಿಲ್ಲ.

ತವರಿನಲ್ಲಿ ನನ್ನದು ಚಿಗುರಿತು. ಮೇಲಿನ ಮನೆಯಲ್ಲಿ ಅವರದ್ದು ಒಣಗಿತು. ಆಟಿ ಮುಗಿಸಿ ನಾನು ಬಂದಾಗ ಅಲ್ಲಿ ಕಪ್ಪು ಕೋಲೊಂದು ನಿಂತಿತ್ತು. ಬಿರುಸು ಗಾಳಿಗೆ ಗೆಲ್ಲು ಸೀಳಿತು ಎಂದು ಸೇಸಮ್ಮಕ್ಕ ತಿಳಿದುಕೊಂಡಿದ್ದರು. ಆದರೆ ಗಾಳಿ ಅದಕ್ಕೆ ಮೊದಲೂ ಬಂದಿತ್ತು, ಆಗೆಲ್ಲ ಗಿಡ ಸತ್ತಿರಲಿಲ್ಲ. ಹೊಸದಾಗಿ ಬಂದದ್ದು ಸೊಸೆ. ಸೊಸೆ ದಿನಾ ಮಧ್ಯಾಹ್ನ ಅನ್ನ ಬಸಿದ ತೆಳಿಯನ್ನು ಆ ಗಿಡದ ಬುಡಕ್ಕೆ ಹೊಯ್ಯುತ್ತಿದ್ದಳು. ಕಾರಣ ಸಿಕ್ಕಿತು. ಎರಡು ವರ್ಷದ ಮೇಲೆ ನಾನು ತವರಿನ ಹೆಸರು ಹೇಳಿ ಗಿಡವನ್ನು ಇಲ್ಲಿಗೆ ತಂದೆ. ಆಗ ಸೇಸಮ್ಮಕ್ಕ ನಾಚಿಕೆ ಬಿಟ್ಟು ನನ್ನಲ್ಲಿ ಒಂದು ಗೆಲ್ಲು ಕೇಳಿ ತೆಗೆದುಕೊಂಡು ಹೋದರು. ಬಿರುಬಿಸಿಲ ಕಾಲ, ಅದು ಹಿಡಿಯಲಿಲ್ಲ. ಅದೂ ರಾಜೀವಿಯ ಲೆಕ್ಕಕ್ಕೇ ಹೋಯಿತು, ಅವಳು ಆ ಕಡೆ ತಿರುಗಿಯೂ ನೋಡದಿದ್ದರೂ. ಇವಳ ಕೈಗುಣವೇ ಹಾಗೆ ಎಂದು ಸೇಸಮ್ಮಕ್ಕ ನಾಲ್ಕು ಜನರ ಎದುರು ಹೇಳಿದರು. ನಾಲ್ಕು ಜನರಲ್ಲಿ ನಾನೂ ಒಬ್ಬಳು. ನಾನು ಸೀರೆಯ ಸೆರಗಿನ ದಾರ ಎಳೆಯುತ್ತಾ ನಿಂತಿದ್ದೆ.

ಆಮೇಲೆ ರಾಜೀವಿ ಒಂದು ಗಿಡ ನೆಟ್ಟದ್ದನ್ನು ನಾನು ನೋಡಿಲ್ಲ. ಬಸಳೆಯ ಚಪ್ಪರಕ್ಕೆ ಕೂಡ ಬೇರೆಯವರೇ ಬೇಕು. ಕೆಲವು ವರ್ಷದ ಹಿಂದೆ ಮಾನ್ಯಳಿಗೆ ಶಾಲೆಯಲ್ಲಿ ಒಂದು ನೆಲ್ಲಿ ಸಸಿ ಕೊಟ್ಟಿದ್ದರು. ರಾಜೀವಿ ಅಜ್ಜಿ, ಒಮ್ಮೆ ಹಿಡ್ಕೊಳ್ಳಿ, ಚಪ್ಪಲಿ ಹಾಕ್ತೇನೆ, ಎಂದು ಮಗು ಅವಳ ಕಡೆಗೆ ನೀಡಿತು. ರಾಜೀವಿ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಗುತ್ತಲೇ ಹೇಳಿದಳು, ಬೇಡ ಮಗಾ, ನನ್ನ ಕೈ ತಾಗಿದ್ರೆ ಒಣಗ್ತದೆ. ನಾನು ಒಳಗೆ ಹೋಗಿ ಏನೋ ಹುಡುಕುವವಳ ಹಾಗೆ ಡಬ್ಬಿಗಳನ್ನೆಲ್ಲ ತೆರೆದು ಮುಚ್ಚಿದೆ.

ನಮ್ಮ ಗುಲಾಬಿ ಅರಳಿದ ದಿನ ಅವಳು ಬಂದರೆ ಮುಟ್ಟದೆ, ಬಗ್ಗಿ ಮೂಸುತ್ತಾಳೆ. ನಮ್ಮ ಅತ್ತೆಯದ್ದಕ್ಕೂ ಇದೇ ಪರಿಮಳ ಇತ್ತು ಎನ್ನುತ್ತಾಳೆ. ಗುಲಾಬಿಗೆಲ್ಲ ಒಂದೇ ಪರಿಮಳ ಎಂದು ನಾನು ಹೇಳುತ್ತೇನೆ. ನನ್ನ ಜನ್ಮದಲ್ಲಿ ಹೇಳಿದ ಸುಳ್ಳುಗಳಲ್ಲಿ ಆನೆ ಚಿಕ್ಕದು, ಇದು ದೊಡ್ಡದು.

ಮಂಗಳವಾರ ಸಂಜೆಯಿಂದ ನನ್ನ ಒಳಗೆ ಒಬ್ಬ ವಕೀಲ ಬಂದು ಕೂತ. ತೆಳಿ ನಿಜವಾಗಿ ಬಿಸಿ ಇದ್ದಿರಬಹುದಲ್ಲ ಎಂದ. ಗೆಲ್ಲು ಕೀಳದವರು ಊರಲ್ಲಿ ಯಾರಿದ್ದಾರೆ ಎಂದ. ಸೇಸಮ್ಮಕ್ಕ ಹೋಗಿ ಇಪ್ಪತ್ತು ವರ್ಷವಾಯಿತು, ಈಗ ಯಾರಿಗೆ ಏನು ಲಾಭ ಎಂದ. ಕೊನೆಗೆ ಡಮಾಸ್ಕಸ್‌ನ ಗುಲಾಬಿ ತಂದ ದೊರೆಯನ್ನೇ ಸಾಕ್ಷಿಗೆ ಕರೆದ: ಅವನೇನು ಅಲ್ಲಿಯವರನ್ನು ಕೇಳಿ ತಂದದ್ದೇ? ಫ್ರಾನ್ಸಿನವರು ಕೇಳಿದ್ದರೇ? ದ್ವೀಪದವರು ಕೇಳಿದ್ದರೇ? ಎಲ್ಲರೂ ಹೀಗೆ ಮುರಿದು ಮುರಿದು ತಂದದ್ದರಿಂದ ತಾನೇ ಆ ಗುಲಾಬಿ ಇವತ್ತು ಪ್ರಪಂಚದಲ್ಲಿ ಉಳಿದಿರುವುದು?

ವಾದ ಚೆನ್ನಾಗಿತ್ತು. ನಾನು ಬುಧವಾರ ಇಡೀ ದಿನ ಅದನ್ನೇ ನಂಬಿಕೊಂಡು ಬಟ್ಟೆ ಮಡಚಿದೆ. ಆದರೆ ಚರಿತ್ರೆಯಲ್ಲಿ ಒಂದು ಮಾತನ್ನು ಅಶ್ವಿತಾ ಹೇಳಿರಲಿಲ್ಲ, ಅವಳ ಪುಸ್ತಕದಲ್ಲೂ ಇರಲಾರದು. ದೊರೆ ಗೆಲ್ಲು ತೆಗೆದುಕೊಂಡು ಕುದುರೆ ಹತ್ತಿ ಹೋದ. ಹಿಂದೆ ಆ ಅಂಗಳದಲ್ಲಿ ಏನಾಯಿತು? ಗಾಯಕ್ಕೆ ಸೆಗಣಿ ಮೆತ್ತಿದವರಾರು? ಗಿಡ ಒಣಗಿದ ಮೇಲೆ ಡಮಾಸ್ಕಸ್‌ನ ಯಾವ ಮನೆಯ ಯಾವ ಸೊಸೆಗೆ ಮಾತು ಬಿತ್ತು? ಗುಲಾಬಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ವಿದ್ವಾಂಸರು ಅಷ್ಟು ದೂರದವರೆಗೆ ಹುಡುಕಿದ್ದಾರೆ. ಮುರಿದ ಜಾಗದಲ್ಲಿ ಉಳಿದವರ ಕಥೆಯನ್ನು ಹುಡುಕಿದಂತೆ ಕಾಣುವುದಿಲ್ಲ.

ಗುರುವಾರ ಬೆಳಿಗ್ಗೆ ಅಶ್ವಿತಾಳಿಗೆ ಮೊಬೈಲಿನಲ್ಲಿ ಎಲ್ಲವನ್ನೂ ಬರೆಯಲು ಕೂತೆ. ಎದುರಿನಲ್ಲಿ ಹೇಳುವುದಕ್ಕಿಂತ ಇದು ಸುಲಭ, ಮುಖ ಕಾಣುವುದಿಲ್ಲ. ಆಟಿ, ಮಳೆ, ಬಚ್ಚಲು, ಕೊಡಪಾನ, ಎಲ್ಲ ಒತ್ತಿ ಮುಗಿಸುವಾಗ ಹನ್ನೊಂದು ಗಂಟೆ. ಕಳುಹಿಸುವ ಗುಂಡಿ ಎಂದುಕೊಂಡು ಯಾವುದನ್ನು ಒತ್ತಿದೆನೋ, ಬರೆದದ್ದೆಲ್ಲ ಮಾಯವಾಯಿತು. ಅದರ ಜಾಗದಲ್ಲಿ ಒಂದು ದೊಡ್ಡ ಕೆಂಪು ಗುಲಾಬಿಯ ಚಿತ್ರ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಅವಳಿಂದ ಇನ್ನೊಂದು ಗುಲಾಬಿ ಬಂತು, ಕೆಳಗೆ ‘ಶುಭದಿನ ಅಜ್ಜಿ’.

ಇನ್ನು ಒತ್ತಲು ನನ್ನ ಬೆರಳಿನಲ್ಲಿ ಶಕ್ತಿ ಇರಲಿಲ್ಲ. ಮತ್ತು ಆಗ ಹೊಳೆಯಿತು, ನಾನು ಹೇಳಬೇಕಾದದ್ದು ಆ ಹುಡುಗಿಗೆ ಅಲ್ಲ.

ಮಳೆಗಾಲ ಮುಗಿದ ಮೇಲೆ ನನ್ನ ಗುಲಾಬಿಯ ಒಂದು ಗೆಲ್ಲನ್ನು ಬಗ್ಗಿಸಿ, ಚಟ್ಟಿಯ ಮಣ್ಣಿನಲ್ಲಿ ಹೂತು ಬೇರು ಬರಿಸಿದ್ದೆ, ನೆಂಟರು ಯಾರೋ ಕೇಳಿದ್ದರೆಂದು. ಅದನ್ನು ತಾಯಿಗಿಡದಿಂದ ಕಡಿದೆ. ಎರಡೂ ಕಡೆಯ ಗಾಯಕ್ಕೆ ಸೆಗಣಿ ಮೆತ್ತಿದೆ. ಸಂಜೆ ನಾಲ್ಕೂವರೆಗೆ ಚಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಗುಡ್ಡ ಹತ್ತಿದೆ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಬೇಕಾಯಿತು. ಮೊಣಕಾಲಿನ ನೆಪ ಹೇಳಬಹುದು. ಎರಡು ಸಲ ವಾಪಸು ಇಳಿದದ್ದೂ ಉಂಟು.

ರಾಜೀವಿ ಜಗಲಿಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ತೆಗೆದ ಬೀಜ ತಗಡಿನ ಡಬ್ಬಿಗೆ ಬೀಳುತ್ತಿತ್ತು. ಅಂಗಳದಲ್ಲಿ ಶುಭ ತನ್ನ ಹೂವಿನ ಚಟ್ಟಿಗಳಿಗೆ ನೀರು ಬಿಡುತ್ತಿದ್ದಳು. ಆ ಹುಡುಗಿಗೆ ಗಿಡದ ಹುಚ್ಚು, ಮೆಟ್ಟಿಲಿನಿಂದ ಬಾವಿಯವರೆಗೆ ಎರಡು ಸಾಲು ಚಟ್ಟಿ. ಕೂತುಕೋ, ಎಂತ ಈ ಹೊತ್ತಿಗೆ, ಎಂದಳು ರಾಜೀವಿ. ನಾನು ಕೂರಲಿಲ್ಲ. ಕೂತರೆ ಮಾತು ಹುಣಸೆಹಣ್ಣಿನ ಕಡೆಗೆ ಹೋಗಿಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಚಟ್ಟಿಯನ್ನು ಅವಳ ಕಾಲಿನ ಹತ್ತಿರ ಇಟ್ಟು, ನಿಂತಲ್ಲಿಂದಲೇ ಹೇಳಿದೆ.

“ಇದು ನನ್ನ ತವರಿನದ್ದಲ್ಲ ರಾಜೀವಿ. ನಿಮ್ಮದು. ಆ ಆಟಿಯಲ್ಲಿ ನಿಮ್ಮ ಅತ್ತೆಯ ಗುಲಾಬಿಯ ಗೆಲ್ಲು ಸೀಳಿದ್ದು ಗಾಳಿ ಅಲ್ಲ, ನಾನು. ಗಿಡ ಸತ್ತದ್ದು ಅದರಿಂದ.”

ಶುಭಳ ಕೈಯ ಪೈಪು ಒಂದೇ ಚಟ್ಟಿಗೆ ಸುರಿಯುತ್ತಾ ಉಳಿಯಿತು. ಚಟ್ಟಿ ತುಂಬಿ ಕೆಂಪು ನೀರು ಅಂಗಳಕ್ಕೆ ಹರಿಯಿತು. ರಾಜೀವಿ ತಲೆ ಎತ್ತಲಿಲ್ಲ. ಒಂದು ಬೀಜ ಡಬ್ಬಿಗೆ ಬಿತ್ತು. ಇನ್ನೊಂದು ಬಿತ್ತು. ನಾನು ಎಣಿಸುತ್ತಿದ್ದೆ. ಏಳನೆಯದರ ನಂತರ ಅವಳು ಕೇಳಿದಳು.

“ಯಾವ ಬದಿಯಿಂದ?”

“ಬಾವಿಯ ಬದಿಯಿಂದ.”

“ಸೆಗಣಿ?”

“ನನ್ನದಕ್ಕೆ ಹಾಕಿದೆ. ನಿಮ್ಮದಕ್ಕೆ ಹಾಕ್ಲಿಲ್ಲ.”

ಅವಳು ಕೈಯಲ್ಲಿದ್ದ ಹುಣಸೆಯನ್ನು ಅಡಿಕೆ ಹಾಳೆಯ ಮೇಲಿಟ್ಟು, ಬೆರಳಿನ ಅಂಟನ್ನು ಸೆರಗಿಗೆ ಒರೆಸಿದಳು. ತುಂಬ ಹೊತ್ತು ಒರೆಸಿದಳು. ಆ ಗಿಡ ನಿಂತಿದ್ದ ಜಾಗದಲ್ಲಿ ಈಗ ನೀರಿನ ಟ್ಯಾಂಕು ಇದೆ. ಅವಳ ಕಣ್ಣು ಅಲ್ಲಿತ್ತು.

“ನಾನು ತೆಳಿಯನ್ನು ಆರಿಸಿಯೇ ಹೊಯ್ತಿದ್ದೆ,” ಎಂದಳು.

“ಗೊತ್ತುಂಟು,” ಎಂದೆ.

ಸೇಸಮ್ಮಕ್ಕನಿಗೆ ಅವಳು ಇದನ್ನು ಎಷ್ಟು ಸಲ ಹೇಳಿದ್ದಾಳೋ. ಗೊತ್ತುಂಟು ಎಂದು ಅವಳಿಗೆ ಒಬ್ಬರು ಹೇಳಲು ಇಷ್ಟು ವರ್ಷ ಬೇಕಾಯಿತು. ಅವಳು ಬೈದರೆ ಒಳ್ಳೆಯದಿತ್ತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರೆ ಅದೂ ನ್ಯಾಯವೇ. ಅವಳು ಎರಡನ್ನೂ ಮಾಡದೆ ಚಟ್ಟಿಯನ್ನು ನೋಡುತ್ತಿದ್ದಳು. ಅದರಲ್ಲಿ ಒಂದು ಮೊಗ್ಗು ಇತ್ತು, ಅಕ್ಕಿಕಾಳಿನಷ್ಟು ಮಾತ್ರ ಬಣ್ಣ ಹೊರಗೆ ಇಣುಕಿತ್ತು. ರಾಜೀವಿ ಕೈ ಚಾಚಿ ಆ ಮೊಗ್ಗನ್ನು ಮುಟ್ಟಿದಳು. ಬೆರಳು ಮೂಸಿದಳು.

ಶುಭ ಒಳ್ಳೆಯ ಹುಡುಗಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಬೆಳಿಗ್ಗೆ ಸಂಜೆ ಅತ್ತೆಯನ್ನು ಆ ವಿಷಯಕ್ಕೆ ತಮಾಷೆ ಮಾಡಿದವಳು ಅವಳೇ. ಅತ್ತೆ, ಈಗಲೇ ಅಶ್ವಿತಾಳಿಗೆ ಫೋನು ಮಾಡ್ತೇನೆ, ಆ ಸಾಲನ್ನು ತೆಗೆಸ್ತೇನೆ, ಎಂದಳು. ನನ್ನ ಹೆಸರು ಹಾಕಿಸು ಎಂದು ನಾನು ಹೇಳಿದೆ. ಹಾಕಿಸಿದಳು. ಶುಕ್ರವಾರ ಗ್ರಾಮಸಭೆಯಲ್ಲಿ ಅದನ್ನು ಓದಿದರು. ನನ್ನ ಸಂಬಂಧಿಕರು ಕೆಲವರು ಈಗ ನನ್ನನ್ನು ಮನೆಗೆ ಕರೆದರೆ ಅಂಗಳ ದಾಟಿಸಿ ನೇರ ಒಳಗೆ ಕರೆದುಕೊಂಡು ಹೋಗುತ್ತಾರೆ. ಅದಿರಲಿ. ಫೋನು ಇಟ್ಟ ಮೇಲೆ ಶುಭಳಿಗೆ ಸಂತೋಷ ತಡೆಯಲಾಗಲಿಲ್ಲ. ಹಾಗಾದ್ರೆ ಅತ್ತೆಯ ಕೈಗುಣದಲ್ಲಿ ಎಂತ ತೊಂದರೆಯೂ ಇಲ್ಲ, ನಾಳೆಯಿಂದ ಚಟ್ಟಿಗಳಿಗೆಲ್ಲ ಅತ್ತೆಯೇ ನೀರು ಹಾಕಬಹುದು, ಎಂದು ಹೇಳಿ ನೀರು ಸುರಿಯುತ್ತಿದ್ದ ಪೈಪನ್ನು ತಂದು ಅವಳ ಕೈಗೇ ಕೊಟ್ಟಳು.

ರಾಜೀವಿ ಪೈಪನ್ನು ನೋಡಿದಳು. ಮೆಟ್ಟಿಲಿನಿಂದ ಬಾವಿಯವರೆಗಿನ ಎರಡು ಸಾಲು ಚಟ್ಟಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿ, ಪೈಪನ್ನು ನನ್ನ ಕೈಯಲ್ಲಿಟ್ಟು ಹೇಳಿದಳು:

“ಐವತ್ತು ವರ್ಷ ಬಾಯಿ ಮುಚ್ಚಿ ಕೂತವಳಿಗೆ ಇನ್ನು ಐದಾರು ವರ್ಷ ಕೂರ್ಲಿಕ್ಕೆ ಎಂತ ಆಗಿತ್ತು ಮಾರಾಯ್ತಿ? ಆ ಕೈಗುಣದ ಹೆಸರು ಇದ್ದ ಕಾರಣ ಈ ಮನೆಯಲ್ಲಿ ಒಬ್ಬರೂ ನನ್ನಿಂದ ಗಿಡಕ್ಕೆ ಒಂದು ಕೊಡಪಾನ ನೀರು ಹೊರಿಸಿರಲಿಲ್ಲ. ಅದನ್ನೂ ತೆಗೆದೆಯಲ್ಲ, ಇನ್ನು ದಿನಾ ಸಂಜೆ ಗುಡ್ಡ ಹತ್ತಿ ಬಂದು ಇಷ್ಟಕ್ಕೂ ನೀನೇ ನೀರು ಹಾಕು.”